ಪ್ಯಾರಿಸ್ ಮುತ್ಯಾ ನಮ್ಮ ಮನೆಯಲ್ಲಿದ್ದ ದಿನಗಳು

ನಮ್ಮ ಮನೆಯಲ್ಲಿ ಮುಂಜಾನೆ ಚಹಾಕ್ಕಿಂತ ಮೊದಲು ಷಡ್ಜ ಆಗಬೇಕಿತ್ತು. ಕಲಬುರಗಿಯ ಕೋಟೆಯ ಕಂದಕದಿಂದ ಮೂರು ಓಣಿ ಈಚೆಗೆ ನಮ್ಮ ಮನೆ. ಮುಂದೊಂದು ಕೋಣೆ, ನಡುವೆ ಅಡುಗೆಗೂ ಊಟಕ್ಕೂ ಮಲಗುವುದಕ್ಕೂ ಆಗುವ ಪಡಸಾಲೆ, ಹಿಂದೆ ಒಂದೇ ಕಿಟಕಿಯ ಸಣ್ಣ ಖೋಲಿ. ಮೂರಕ್ಕೂ ಶಹಾಬಾದಿ ಫರಸಿ ಕಲ್ಲು ಹಾಸಿತ್ತು. ಮುಂದಿನ ಕೋಣೆ ಅಪ್ಪನದು. ಅಪ್ಪ ಹೈಸ್ಕೂಲಿನಲ್ಲಿ ಸಂಗೀತ ಮಾಸ್ತರ; ಮನೆಯಲ್ಲೂ ಎರಡು ಹೊತ್ತು ಹಾಡು ಹೇಳಿಕೊಡುತ್ತಿದ್ದ. ಓಣಿಯ ಜನ ಅವನ ಹೆಸರು ಮರೆತು ಬರೇ ಮಾಸ್ತರರೆಂದೇ ಕರೆಯುತ್ತಿದ್ದರು. ಆ ಕೋಣೆಯಲ್ಲಿ ಒಂದು ಹಾರ್ಮೋನಿಯಂ, ಎರಡು ತಂಬೂರಿ, ಗೋಡೆಯ ಮೇಲೆ ಅಪ್ಪನ ಗುರುಗಳ ಫೋಟೊ. ಅಲ್ಲಿ ಹಾಡಿಗಲ್ಲದೆ ಬಾಯಿ ತೆರೆಯುವಂತಿರಲಿಲ್ಲ. ಅವ್ವ ಚಹಾ ತಂದರೆ ಕಪ್ಪಿಗೂ ಬಸಿಗೂ ನಡುವೆ ಮಡಚಿದ ಕಾಗದದ ಚೂರು ಇಟ್ಟು ತರುತ್ತಿದ್ದಳು, ಪಿಂಗಾಣಿ ಸದ್ದು ಮಾಡಬಾರದೆಂದು. ನಾನು ಆ ಹೊಸ್ತಿಲು ದಾಟಿದರೆ ಅಪ್ಪನಿಗೆ "ರೀ" ಹಚ್ಚಿ ಮಾತಾಡಬೇಕು. ಅಲ್ಲಿ ಅವನು ಗುರು. ಪಡಸಾಲೆಗೆ ಬಂದ ಮೇಲೆ "ನೀ" ಅನ್ನಬಹುದಿತ್ತು. ಒಂದೇ ಮನುಷ್ಯನನ್ನು ದಿನಕ್ಕೆ ಹತ್ತು ಸಲ ಎರಡು ಥರ ಕರೆಯುತ್ತ ಬೆಳೆದವಳು ನಾನು.

ಹಿಂದಿನ ಖೋಲಿ ಶಾಂತತ್ತಿಯದು. ಅವಳು ಅಪ್ಪನ ತಂಗಿ, ಅವನಿಗಿಂತ ಎಂಟು ವರ್ಷ ಸಣ್ಣವಳು. ಕಮಲಾಪುರದ ಕನ್ನಡ ಶಾಲೆಯಲ್ಲಿ ಟೀಚರ್. ದಿನಾ ಮುಂಜಾನೆ ಬಸ್ಸು ಹಿಡಿದು ಹೋಗಿ ಸಂಜೆಗೆ ತಿರುಗಿ ಬರುತ್ತಿದ್ದಳು. ಮದುವೆಯ ಮಾತು ಎರಡು ಮೂರು ಸಲ ಬಂದು ನಿಂತುಹೋಗಿತ್ತು. ಯಾಕೆ ನಿಂತಿತೆಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಹೈದರಾಬಾದಿನಲ್ಲಿ ಓದುವಾಗ ಅವಳಿದ್ದ ಹಾಸ್ಟೆಲಿನ ವಾರ್ಡನ್ ಬಾಯಿಯವರು ಭಾನುವಾರ ಚರ್ಚಿನಲ್ಲಿ ಆರ್ಗನ್ ಬಾರಿಸುತ್ತಿದ್ದರಂತೆ. ಅವರು ಊರು ಬಿಡುವಾಗ ಶಾಂತತ್ತಿಗೆ ಎರಡು ಕ್ಯಾಸೆಟ್ಟು, ಒಂದಿಷ್ಟು ಇಂಗ್ಲಿಷ್ ಹಾಳೆಗಳನ್ನು ಕೊಟ್ಟುಹೋಗಿದ್ದರು. ಕ್ಯಾಸೆಟ್ಟಿನ ತುಂಬ ಫ್ರಾನ್ಸ್ ದೇಶದ ಒಬ್ಬ ಸಂಗೀತಗಾರನ ರಚನೆಗಳು. ಹಾಳೆಗಳಲ್ಲಿ ಅವನ ಬದುಕು. ಅವನ ಹೆಸರು ನಮ್ಮ ಯಾರ ನಾಲಿಗೆಗೂ ಹೊರಳಲಿಲ್ಲ. ಫೋಟೊದಲ್ಲಿ ಅಗಲ ಮುಖ, ದಪ್ಪ ಚಷ್ಮಾ, ಕೊರಳಿಗೆ ಬಣ್ಣದ ರುಮಾಲು. ಅವ್ವ ನೋಡಿ, "ಯಾವ ಮುತ್ಯಾನವಾ ಇಂವ?" ಎಂದಳು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ; ಅಂದಿನಿಂದ ಅವನು ನಮ್ಮ ಮನೆಯಲ್ಲಿ ಪ್ಯಾರಿಸ್ ಮುತ್ಯಾ ಆದ.

ಅಪ್ಪನ ಕಿವಿಗೆ ಬೀಳಬಾರದೆಂದು ಅತ್ತಿ ಟೇಪ್ ರಿಕಾರ್ಡರಿಗೆ ಕೌದಿ ಸುತ್ತಿ ಹಚ್ಚುತ್ತಿದ್ದಳು. ಆದರೆ ಮುತ್ಯಾನ ಕತೆಯನ್ನು ಮಾತ್ರ ಊಟದ ಹೊತ್ತಿಗೆ ಎಲ್ಲರ ಮುಂದೆಯೇ ಹೇಳುತ್ತಿದ್ದಳು. ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ನಾವು ನಾಲ್ಕೂ ಜನ ಕೂರುತ್ತಿದ್ದೆವು. ಅವ್ವ ಒಲೆಯಿಂದ ನೇರವಾಗಿ ತಾಟಿಗೆ ರೊಟ್ಟಿ ಹಾಕುತ್ತಿದ್ದಳು. ಪುಂಡಿ ಪಲ್ಯ, ಶೇಂಗಾ ಹಿಂಡಿ, ಮ್ಯಾಲೊಂದು ಉಳ್ಳಾಗಡ್ಡಿ. ಅಪ್ಪ ಗೋಡೆಗೆ ಬೆನ್ನು ಹಚ್ಚಿ, ಯಾರನ್ನೂ ನೋಡದೆ ಊಟ ಮಾಡುತ್ತಿದ್ದ.

"ಅವರವ್ವ ಕವಿತಾ ಬರೀತಿದ್ದಳಂತ ವೈನಿ. ಇಂವ ಹೊಟ್ಟ್ಯಾಗ ಇದ್ದಾಗೇ ಇವನ ಮ್ಯಾಲ ಪದ್ಯ ಕಟ್ಟ್ಯಾಳ," ಎಂದು ಅತ್ತಿ ತನ್ನ ವೈನಿಗೆ, ಅಂದರೆ ಅವ್ವನಿಗೆ, ಹೇಳುತ್ತಿದ್ದಳು.

"ನಮಗ ಹೊಟ್ಟ್ಯಾಗ ಕೂಸಿದ್ದಾಗ ರೊಟ್ಟಿ ಬಡಿಯೋದೇ ಆಗಿತ್ತು ನೋಡವಾ," ಎನ್ನುತ್ತಿದ್ದಳು ಅವ್ವ.

ಇನ್ನೊಂದು ದಿನ ಲಡಾಯಿಯ ಕತೆ ಬಂತು.

"ಲಡಾಯಿದಾಗ ವೈರಿಗಳು ಹಿಡದು ಸೆರಿಗೆ ಹಾಕಿದ್ರಂತ. ಹಾಡ ಬರಿಯೋ ಮನಷ್ಯಾ, ಬಂದೂಕ ಹಿಡಿಯೋ ಕೈ ಅಲ್ಲ ಅವು. ಕೊರೆಯೋ ಥಂಡಿ, ಹೊಟ್ಟಿಗಿ ಕೂಳಿಲ್ಲ. ಅಲ್ಲಿ ಬಾರಿಸಾವ್ರು ಸಿಕ್ಕಿದ್ದು ಮೂರೇ ಮಂದಿ. ಒಬ್ಬಂದು ಪಿಟೀಲು, ಒಬ್ಬಂದು ದೊಡ್ಡ ಪಿಟೀಲು, ಒಬ್ಬಂದು ಕ್ಲಾರಿನೆಟ್. ಇಂವ ಪಿಯಾನೊ ಬಾರಸ್ತಿದ್ದ. ಆ ನಾಕ ಮಂದಿಗಿ ಆಗೂವಂಗ ಕುಂತು ಬರದಾನ. ಕೈದಿಗಳು, ಕಾವಲು ಕಾಯಾವ್ರು, ಎಲ್ಲಾರೂ ಒಂದೇ ಕಡಿ ಕುಂತು ಕೇಳಿದ್ರಂತ."

"ಕೇಳಿ ಏನ್ ತಿಳೀತು ಅವ್ರಿಗಿ?" ಅಪ್ಪ ಮೊದಲ ಸಲ ಬಾಯಿ ಹಾಕಿದ. "ಹಾಡಿಗಿ ಷಡ್ಜ ಬೇಕು. ಷಡ್ಜ ಇಲ್ದ ಸಂಗೀತ ಅಂದ್ರ ಬಾಗಲಿಲ್ಲದ ಮನಿ."

"ಅಂವಂದು ಬ್ಯಾರೇನೇ ಮನಿ ಅಣ್ಣಾ. ತಾಳ ಮಾತ್ರ ನಮ್ಮ ಮನೀದು. ನಮ್ಮ ಹಳೇ ಸಂಸ್ಕೃತ ಗ್ರಂಥದಾಗಿನ ನೂರಾ ಇಪ್ಪತ್ತ ದೇಶಿ ತಾಳದ ಪಟ್ಟಿ ಅವನ ಕೈಗಿ ಹತ್ತಿತ್ತಂತ. ಹಿಂದಿನಿಂದ ಎಣಿಸಿದ್ರೂ, ಮುಂದಿನಿಂದ ಎಣಿಸಿದ್ರೂ ಒಂದೇ ಆಗೋ ತಾಳಗಳು ಅವನಿಗಿ ಬಾಳ ಸೇರ್ತಿದ್ವು. ನೋಡು, ಮೂರು, ಐದು, ಎಂಟು, ಐದು, ಮೂರು." ಅತ್ತಿ ಎಡಗೈಯಿಂದ ತೊಡೆ ತಟ್ಟಿ ತೋರಿಸಿದಳು.

"ಊಟದ ಮುಂದ ತಾಳ ಬ್ಯಾಡ," ಎಂದ ಅಪ್ಪ. ಆದರೆ ಸ್ವಲ್ಪ ಹೊತ್ತಾದ ಮೇಲೆ ನಾನು ನೋಡಿದೆ. ಅವನ ಎಡಗೈ ಬೆರಳು ಮಡಿಲಲ್ಲಿ ಮೂರು, ಐದು, ಎಂಟು ಎಣಿಸುತ್ತಿತ್ತು. ನಾನು ನೋಡಿದ್ದು ಅವನಿಗೆ ತಿಳಿಯಿತು. ಬೆರಳು ಮುಷ್ಟಿಯೊಳಗೆ ಸೇರಿತು.

ನನಗಾಗ ಹತ್ತು ವರ್ಷ. ಯಾರಿಗೂ ಹೇಳದ ಒಂದು ಸಂಗತಿ ನನ್ನಲ್ಲಿತ್ತು. ಹೇಳಬಾರದೆಂದು ಬಚ್ಚಿಟ್ಟದ್ದಲ್ಲ, ಎಲ್ಲರಿಗೂ ಹಾಗೇ ಇರುತ್ತದೆಂದು ತಿಳಿದಿದ್ದೆ. ಸ್ವರ ಕೇಳಿದರೆ ನನಗೆ ಬಣ್ಣ ಕಾಣುತ್ತಿತ್ತು. ಕಣ್ಣಿನ ಎದುರಿಗಲ್ಲ, ಹಣೆಯ ಹಿಂದೆ ಎಲ್ಲೋ. ಹಾರ್ಮೋನಿಯಂನ ಬಿಳಿ ಒಂದನೇ ಮನೆ, ಅಂದರೆ ಮೊದಲ ಬಿಳಿ ಪಟ್ಟಿ, ಒತ್ತಿದರೆ ತೊಗರಿ ಬೇಳೆಯ ಹಳದಿ. ಅದರ ಪಕ್ಕದ ಬಿಳಿಗೆ ಮಳೆಯಲ್ಲಿ ನೆನೆದ ಫರಸಿಯ ಬೂದು. ಅದರಾಚೆಯದಕ್ಕೆ ಎಳೆ ಜೋಳದ ಹಸಿರು. ಐದನೆಯ ಬಿಳಿ, ತಿಕ್ಕಿ ತೊಳೆದ ತಾಮ್ರದ ಕೊಡದ ಕೆಂಪು. ನಾನು ಮೊದಲಿನಿಂದ ಬಿಳಿ ಒಂದನ್ನೇ ಷಡ್ಜವಾಗಿ ಇಟ್ಟುಕೊಂಡು ಕಲಿತವಳು. ಹೀಗಾಗಿ ನನಗೆ "ಸಾ" ಎಂದರೆ ಹಳದಿ, "ಪಾ" ಎಂದರೆ ಕೆಂಪು. ಬಣ್ಣ ಹಿಡಿದು ಹೋದರೆ ಸ್ವರ ತಾನೇ ಸಿಗುತ್ತಿತ್ತು. ಕೂಸಿನ ಕಿವಿ ಬಲು ಚುರುಕೆಂದು ಅಪ್ಪ ಬಂದವರ ಮುಂದೆ ಹೇಳಿಕೊಂಡದ್ದೂ ಉಂಟು.

ಒಂದು ರವಿವಾರ ಮಧ್ಯಾಹ್ನ ಅಪ್ಪ ಹೊರಗೆ ಹೋದಾಗ ಅತ್ತಿ ಕೌದಿ ತೆಗೆದು ಟೇಪು ಹಚ್ಚಿದಳು. ಪಿಯಾನೊದ ಐದಾರು ಸ್ವರ ಒಟ್ಟೊಟ್ಟಿಗೆ ಬಿದ್ದವು. ಆವರೆಗೆ ನಾನು ಒಂದಾದ ಮೇಲೆ ಒಂದರಂತೆ ಬರುವ ಬಣ್ಣಗಳನ್ನಷ್ಟೇ ಕಂಡಿದ್ದೆ. ದರ್ಗಾದ ರಸ್ತೆಯ ಬಳೆ ಅಂಗಡಿಗೆ ಬಿಸಿಲು ಹೊಕ್ಕಂತೆ ಎಲ್ಲ ಒಮ್ಮೆಗೇ ಹೊತ್ತಿಕೊಂಡವು. ನಾನು ಕಣ್ಣಿಗೆ ಕೈ ಅಡ್ಡ ಹಿಡಿದೆ.

"ಯಾಕ ಸರೂ, ಹೆದರಿಕಿ ಬಂತೇನು?"

"ಬಾಳ ಬಣ್ಣ ಬಂದ್ವು ಅತ್ತಿ."

ಅತ್ತಿ ಟೇಪು ನಿಲ್ಲಿಸಿದಳು. ಆಮೇಲೆ ಟ್ರಂಕಿನಿಂದ ಇಂಗ್ಲಿಷ್ ಹಾಳೆ ತೆಗೆದು ಬೆರಳಿಟ್ಟು ಓದಿ ಹೇಳಿದಳು. ಪ್ಯಾರಿಸ್ ಮುತ್ಯಾನಿಗೂ ಸ್ವರ ಕೇಳಿದರೆ ಬಣ್ಣ ಕಾಣುತ್ತಿತ್ತಂತೆ. ಸಣ್ಣವನಿದ್ದಾಗ ಚರ್ಚಿನ ಬಣ್ಣದ ಗಾಜಿನ ಕಿಟಕಿ ನೋಡಿ ಬೆರಗಾದವನು ದೊಡ್ಡವನಾದ ಮೇಲೆ ಅಂಥ ಬೆಳಕನ್ನೇ ಸ್ವರದಲ್ಲಿ ಕಟ್ಟಿದನಂತೆ. ಒಂದು ಸ್ವರಗುಚ್ಛವನ್ನು ಇದ್ದಕ್ಕಿದ್ದಂತೆ ಒಂದು ಮನೆ ಮೇಲಕ್ಕೆ ಸರಿಸಿದರೆ, ಕೇಳುವವರಿಗೆ ಅದೇ ಎನಿಸಿದರೂ ಅವನಿಗೆ ಬಣ್ಣವೇ ಬೇರೆಯಾಗುತ್ತಿತ್ತಂತೆ. ಮಂದಿ ನಕ್ಕರೂ, ಪೇಪರಿನವರು ಬೈದರೂ, ಬಣ್ಣದ ಮಾತನ್ನು ಅವನು ಬಿಡಲಿಲ್ಲವಂತೆ. ಪ್ಯಾರಿಸಿನ ಒಂದೇ ಚರ್ಚಿನಲ್ಲಿ ಹೆಚ್ಚುಕಡಿಮೆ ಅರವತ್ತು ವರ್ಷ ಆರ್ಗನ್ ಬಾರಿಸುತ್ತ ಇದ್ದುಬಿಟ್ಟನಂತೆ.

"ಹಂಗಾರ ಎಲ್ಲಾರಿಗೂ ಕಾಣಂಗಿಲ್ಲೇನು?" ಎಂದು ಕೇಳಿದೆ.

"ನನಗಂತೂ ಕಾಣಂಗಿಲ್ಲ. ನಿಮ್ಮಪ್ಪಗೂ ಕಾಣಂಗಿಲ್ಲ. ಸದ್ಯಕ್ಕ ಯಾರ ಮುಂದೂ ಅನಬ್ಯಾಡ."

ಆ ವರ್ಷ ಅಪ್ಪನ ಗುರುಗಳ ಪುಣ್ಯತಿಥಿಯ ಕಾರ್ಯಕ್ರಮದಲ್ಲಿ ನಾನು ಹಾಡಬೇಕೆಂದು ನಿಶ್ಚಯವಾಯಿತು. ದೊಡ್ಡವರೆಲ್ಲ ಬಂದು ಕೂರುವ ಸಭೆ. ಅದಕ್ಕೆ ಒಂದು ತಿಂಗಳಿರುವಾಗ ಗುರುಗಳ ಮಗ ಮನೆಗೆ ಬಂದು ನನ್ನ ಹಾಡು ಕೇಳಿದರು. ಹೆಣ್ಣುಕೂಸಿನ ಕಂಠ ಮೇಲಿದೆ, ಕಪ್ಪು ಎರಡರಲ್ಲಿ ಹಾಡಿಸಿರಿ ಎಂದು ಹೇಳಿ ಹೋದರು. ಷಡ್ಜವನ್ನು ಬಿಳಿ ಒಂದರಿಂದ ಎರಡನೆಯ ಕಪ್ಪು ಪಟ್ಟಿಗೆ, ಮೂರು ಮನೆ ಮೇಲಕ್ಕೆ ಏರಿಸುವುದಷ್ಟೇ. ಹಾಡುವವರಿಗೆ ಇದು ದಿನದ ಮಾತು. ಮರುದಿನ ಅಪ್ಪ ಕಪ್ಪು ಎರಡು ಒತ್ತಿ "ಸಾ" ಅಂದ. ನನಗೆ ಕಂಡದ್ದು ಬದನೆಕಾಯಿಯ ನೇರಳೆ. ಅದು ಸಾ ಅಲ್ಲ. "ಗಾ" ಎನ್ನು ಅಂದ. ಅದು ನನ್ನ ಹಳೆಯ "ಪಾ" ಇದ್ದ ಮನೆ; ಅಲ್ಲಿ ತಾಮ್ರದ ಕೆಂಪು ನಿಂತಿತ್ತು. ಕೆಂಪು ಕಂಡ ಕೂಡಲೆ ನನ್ನ ಗಂಟಲು "ಪಾ" ಎಂದಿತು. ಅಪ್ಪ ತಿದ್ದಿದ. ಮತ್ತೆ "ಪಾ" ಎಂದೆ. ಒಂದು ವಾರ ಹೀಗೇ ನಡೆಯಿತು. ನಾನು ಬೇಕೆಂದೇ ಮಾಡುತ್ತಿದ್ದೇನೆಂದು ಅವನಿಗೆ ಖಾತ್ರಿಯಾಯಿತು. ತಾಳ ಹಾಕುವ ಬೆತ್ತದ ಕೋಲು ನನ್ನ ಮೊಣಕಾಲಿಗೆ ಬೀಳತೊಡಗಿತು. ಪಡಸಾಲೆಯಲ್ಲಿ ಅವ್ವ ಪ್ರತಿ ಪೆಟ್ಟಿಗೂ ಬಡಿಯುತ್ತಿದ್ದ ರೊಟ್ಟಿ ನಿಲ್ಲಿಸುತ್ತಿದ್ದಳು, ಮತ್ತೆ ಬಡಿಯುತ್ತಿದ್ದಳು.

"ಸರೋಜಾ, ಗಾಂಧಾರ ಹಚ್ಚು."

ನಾನು ಕಣ್ಣು ಮುಚ್ಚಿಕೊಂಡೆ.

"ಕಣ್ಣ ಮುಚಗೊಂಡು ಏನ್ ನೋಡ್ಲಾಕತ್ತಿದಿ?"

"ಬಣ್ಣ ರೀ."

"ಏನು?"

"ಅದು ಕೆಂಪದ ರೀ. ಕೆಂಪ ಅಂದ್ರ ಪಂಚಮ. ನೀವು ಗಾಂಧಾರ ಅನ್ಲಾಕತ್ತೀರಿ."

ಅಪ್ಪ ಹಾರ್ಮೋನಿಯಂನ ಗಾಳಿ ಪೂರ್ತಿ ಇಳಿಯಲು ಬಿಟ್ಟ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ಇದು ಯಾರ್ ಹೇಳಿಕೊಟ್ರು ನಿನಗ?"

ಕೋಲು ಅವನ ಕೈಯಲ್ಲಿತ್ತು. ಯಾರೂ ಹೇಳಿಕೊಟ್ಟಿಲ್ಲ ಎಂದರೆ ಸುಳ್ಳು ಹೇಳುತ್ತೀ ಎಂದು ಬಡಿಯುತ್ತಾನೆ. ಒಂದು ಹೆಸರು ಹೇಳಿದರೆ ಪೆಟ್ಟು ಆ ಕಡೆ ಹೋಗುತ್ತದೆ. ಹತ್ತು ವರ್ಷದವಳಿಗೆ ಇಷ್ಟು ಲೆಕ್ಕ ಹೊಳೆಯಲಿಕ್ಕೆ ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು.

"ಶಾಂತತ್ತಿ ರೀ," ಎಂದೆ.

ಸಂಜೆ ಅತ್ತಿ ಬಸ್ಸಿಳಿದು ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಅಪ್ಪ ಪಡಸಾಲೆಯ ನಡುವೆ ನಿಂತಿದ್ದ.

"ನಿನ್ನ ಫ್ರಾನ್ಸದ ಹುಚ್ಚ ನನ್ನ ಕೂಸಿನ ತಲ್ಯಾಗ ಯಾಕ ತುಂಬಿದಿ?"

ಅತ್ತಿ ನನ್ನನ್ನು ನೋಡಿದಳು. ನಾನು ಅವ್ವನ ಸೆರಗಿನ ಹಿಂದೆ ಸರಿದೆ. ನಾನು ಏನು ಹೇಳಿದ್ದೇನೆಂಬುದು ಅಷ್ಟರಲ್ಲೇ ಅವಳಿಗೆ ತಿಳಿಯಿತೆಂದು ಈಗ ಅನಿಸುತ್ತದೆ.

"ಕೂಸಿಗಿ ಬಡೀಬ್ಯಾಡ ಅಣ್ಣಾ. ಅದಕ್ಕ ಖರೇನೇ ಕಾಣ್ತದ."

"ಖರೇ ಕಾಣ್ತದ ಅಂತ ನೀ ಹೇಳ್ತಿ. ನೀ ಹೇಳಿಕೊಟ್ಟಿ ಅಂತ ಅದು ಹೇಳ್ತದ. ನಾ ಯಾರ ಮಾತ ನಂಬಲಿ?"

ಅತ್ತಿ "ನಾ ಕಲಿಸಿಲ್ಲ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅವಳ ಮೌನವನ್ನು ಅಪ್ಪ ಒಪ್ಪಿಗೆ ಎಂದು ತಿಳಿದ. ಖೋಲಿಗೆ ಹೋಗಿ ಎರಡೂ ಕ್ಯಾಸೆಟ್ಟು ತಂದು, ಬೆರಳಿಗೆ ಟೇಪು ಸಿಕ್ಕಿಸಿ ಎಳೆದ. ಕಂದು ಬಣ್ಣದ ಟೇಪು ಫರಸಿಯ ಮೇಲೆ ಗುಡ್ಡೆಯಾಗುತ್ತ ಹೋಯಿತು. ಬಹಳ ಹೊತ್ತು ಬೇಕಾಯಿತು. ಎಳೆದಷ್ಟೂ ಮುಗಿಯದೆ, ನಡುವೆ ಅವನಿಗೇ ನಾಚಿಕೆಯಾದಂತೆ ಕಂಡಿತು. ಆದರೆ ನಿಲ್ಲಿಸಲಿಲ್ಲ. ಅತ್ತಿ ಬಾಗಿಲ ಚೌಕಟ್ಟು ಹಿಡಿದು ಕೊನೆಯ ತನಕ ನೋಡಿದಳು. ಮರುದಿನ ಮುಂಜಾನೆ ಟ್ರಂಕು ಎತ್ತಿಕೊಂಡು ಹೊರಟಳು.

"ಬುತ್ತಿ ಕಟ್ತೀನಿ ತಡಿ ಶಾಂತಾ," ಎಂದಳು ಅವ್ವ.

"ಬ್ಯಾಡ್ರಿ ವೈನಿ. ನಾ ಇನ್ನ ಕಮಲಾಪುರದಾಗೇ ಖೋಲಿ ಹಿಡೀತೀನಿ."

ಅಪ್ಪ ಮುಂದಿನ ಕೋಣೆಯಲ್ಲಿ ತಂಬೂರಿ ಮೀಟುತ್ತಲೇ ಇದ್ದ. ಅವಳು ಆ ಕೋಣೆ ದಾಟಿಯೇ ಹೊರಗೆ ಹೋಗಬೇಕಿತ್ತು. ದಾಟಿದಳು. ಅವನು ತಲೆ ಎತ್ತಲಿಲ್ಲ.

ಆಮೇಲಿನ ಎರಡು ವಾರದಷ್ಟು ಬಿಗಿಯಾದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಅವ್ವ ಜಗಳ ತೆಗೆಯಲಿಲ್ಲ, ಅಳಲಿಲ್ಲ. ಕಪ್ಪಿಗೂ ಬಸಿಗೂ ನಡುವೆ ಕಾಗದ ಇಡುವುದನ್ನು ಮಾತ್ರ ಬಿಟ್ಟಳು. ಚಹಾ ತರುವಾಗ ಪಿಂಗಾಣಿ ಕಿಣಿಕಿಣಿ ಎನ್ನುತ್ತ ಮುಂದಿನ ಕೋಣೆಗೆ ಬರುತ್ತಿತ್ತು. ಮೊದಲ ದಿನ ಅಪ್ಪ ಹಾಡು ನಿಲ್ಲಿಸಿ ಅವಳನ್ನು ನೋಡಿದ. ಅವ್ವ ಇನ್ನಷ್ಟು ಸದ್ದು ಮಾಡಿ ಕಪ್ಪು ಇಟ್ಟು ಹೋದಳು. ಮರುದಿನದಿಂದ ಅವನು ನೋಡುವುದನ್ನೂ ಬಿಟ್ಟ. ನನಗೋ, ಗಂಟಲು ಹೋಯಿತು. ಮಾತು ಬರುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಬಾಯಿ ತೆರೆದರೆ ಬರೇ ಗಾಳಿ. ಮೊದಲು ಅಪ್ಪ ಸಿಟ್ಟಾದ, ಆಮೇಲೆ ಕೋಲು ಮೂಲೆಗಿಟ್ಟ, ಆಮೇಲೆ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ಬ್ಯಾಟರಿ ಹಾಕಿ ನೋಡಿ ಗಂಟಲಿಗೆ ಏನೂ ಆಗಿಲ್ಲ ಎಂದರು. ತಿರುಗಿ ಬರುವಾಗ ದಾರಿಯುದ್ದಕ್ಕೂ ಅಪ್ಪ ನನ್ನ ಕೈ ಹಿಡಿದುಕೊಂಡಿದ್ದ. ನಾನು ಸುಳ್ಳು ಹೇಳಿದ್ದೇನೆ ಎಂದು ಆಗಲೇ ಹೇಳಬಹುದಿತ್ತು. ಕೈ ಬಿಟ್ಟುಬಿಡುತ್ತಾನೆಂದು ಹೇಳಲಿಲ್ಲ.

ಶನಿವಾರ ಅವ್ವ ಸೀರೆ ಉಟ್ಟು, "ಕಮಲಾಪುರಕ್ಕ ಹೋಗಿ ಬರ್ತೀವಿ," ಎಂದು ಅಪ್ಪನಿಗೆ ಹೇಳಿದಳು. ಕೇಳಿದ್ದಲ್ಲ, ಹೇಳಿದ್ದು. ಅಪ್ಪ ಯಾಕೆ ಎನ್ನಲಿಲ್ಲ. ಅತ್ತಿಯ ಖೋಲಿ ಊರ ಅಂಚಿಗಿತ್ತು. ಹಿಂದಿನ ಬಾಗಿಲು ತೆಗೆದರೆ ಬಾಳೆ ತೋಟ. ಅಲ್ಲಿಯ ಕೆಂಪು ಬಾಳೆಹಣ್ಣಿನ ಗೊನೆಗಳು ಎಲೆಗಳ ನಡುವೆ ಜೋತಾಡುತ್ತಿದ್ದವು. ಅತ್ತಿ ನನ್ನನ್ನು ಬೈಯಲಿಲ್ಲ, ತಲೆಗೆ ಎಣ್ಣೆ ಹಚ್ಚಿದಳು. ಬೆನ್ನು ಅವಳ ಕಡೆಗಿತ್ತು, ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಧೈರ್ಯ ಬಂತು.

"ಅತ್ತಿ, ನೀ ಕಲಿಸಿದ್ದು ಅಂತ ಅಪ್ಪನ ಮುಂದ ನಾನೇ ಅಂದೀನಿ."

"ಗೊತ್ತದ." ಅವಳ ಬೆರಳು ನಿಲ್ಲಲಿಲ್ಲ. "ಅವತ್ತೇ ಗೊತ್ತಾಗಿತ್ತು. ಕೋಲಿನ ಮುಂದ ಕೂಸು ಏನ್ ಬೇಕಾದ್ರೂ ಅಂತದ."

"ನೀ ಯಾಕ ಹೇಳಲಿಲ್ಲ ಮತ್ತ?"

"ನಾ ಇಲ್ಲ ಅಂದಿದ್ರ ನೀ ಸುಳ್ಳಿ ಆಗ್ತಿದ್ದಿ. ನಿನ್ನ ಬಣ್ಣ ಸುದ್ದಾ ಸುಳ್ಳಾಗ್ತಿತ್ತು. ನಾ ಹೋದ್ರ ಒಂದು ಖೋಲಿ ಖಾಲಿ ಆಗ್ತದ, ಅಷ್ಟೇ." ಬಟ್ಟಲಿನಿಂದ ಇನ್ನಷ್ಟು ಎಣ್ಣೆ ತೆಗೆದುಕೊಂಡು ಅಂದಳು, "ಆದ್ರ ಸರೂ, ಇದು ನನಗ ಹೇಳಿ ಏನ್ ಬಂತು? ನಾ ಸುಳ್ಳಿ ಆಗಿದ್ದು ನಿಮ್ಮಪ್ಪನ ಕಣ್ಣಾಗ. ಹೇಳು ಅಂತ ನಾ ಅನ್ನಂಗಿಲ್ಲ. ನಿನಗ ಆಗ್ತದಂದ್ರ ಹೇಳು. ಆಗಲಿಲ್ಲಂದ್ರ ಬಿಡು."

ಬಿಡು ಎಂದದ್ದು ಬಡಿದದ್ದಕ್ಕಿಂತ ಹೆಚ್ಚು ನೋಯಿಸಿತು.

ಮರುದಿನ ನಸುಕಿನಲ್ಲಿ ನನ್ನನ್ನು ಎಬ್ಬಿಸಿ ತೋಟಕ್ಕೆ ಕರೆದೊಯ್ದಳು. ಅವಳ ಕೈಯಲ್ಲಿ ಶಾಲೆಯ ನೋಟುಬುಕ್ಕು, ಬಣ್ಣದ ಪೆನ್ಸಿಲ್ಲು. ಪ್ಯಾರಿಸ್ ಮುತ್ಯಾ ಹೀಗೇ ಬೆಳಗು ಹರಿಯುವ ಮೊದಲು ಕಾಡಿಗೆ, ಹೊಲದ ಬದುವಿಗೆ ಹೋಗಿ ಹಕ್ಕಿ ಹಾಡಿದ್ದನ್ನು ಹಾಡಿದಂತೆಯೇ ಬರೆದುಕೊಳ್ಳುತ್ತಿದ್ದನಂತೆ. ಹಕ್ಕಿಗಳೇ ಎಲ್ಲರಿಗಿಂತ ದೊಡ್ಡ ಸಂಗೀತಗಾರರೆಂದು ಅವನ ನಂಬಿಕೆ. ಪಿಯಾನೊ ಬಾರಿಸುವ ಹೆಂಡತಿಯೂ ಜೊತೆಗೆ ಟೇಪ್ ರಿಕಾರ್ಡರ್ ಹಿಡಿದುಕೊಂಡು ಹೋಗುತ್ತಿದ್ದಳಂತೆ. ನಾವು ಬಾಳೆಯ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕುಳಿತೆವು. ಬೇಲಿಯ ಮೇಲೆ ಮಡಿವಾಳ ಹಕ್ಕಿ ಬಾಲ ಎತ್ತಿ ಕೂಗಿತು. ಅತ್ತಿ ಸ್ವರ ಬರೆಯಲು ಹೋಗಿ ತಡವರಿಸಿದಳು. ನಾನು ಪೆನ್ಸಿಲ್ಲು ಕಸಿದುಕೊಂಡು ಹಸಿರು ಗೀಟು, ಮೇಲೊಂದು ಸಣ್ಣ ಕೆಂಪು ಚುಕ್ಕೆ, ಇಳಿಯುವಲ್ಲಿ ಬೂದು ಎಳೆದೆ. ಹಕ್ಕಿಗೆ ಷಡ್ಜ ಯಾವುದೆಂದು ಕೇಳುವವರಿರಲಿಲ್ಲ. ಅದು ಮತ್ತೆ ಕೂಗಿತು. ನಾನೂ ಕೂಗಿದೆ. ಗಂಟಲಿನಿಂದ ಸ್ವರ ಬಂದದ್ದು ನನಗೆ ತಿಳಿದದ್ದು ಅತ್ತಿ ಬಾಯಿಗೆ ಸೆರಗು ಒತ್ತಿಕೊಂಡದ್ದನ್ನು ನೋಡಿದ ಮೇಲೆ.

ಆ ಸಂಜೆ ಕಲಬುರಗಿಗೆ ತಿರುಗಿ ಬಂದಾಗ ಅಪ್ಪ ಮುಂದಿನ ಕೋಣೆಯಲ್ಲಿ ಒಬ್ಬನೇ ಇದ್ದ. ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟಳು, ದೂಡಲಿಲ್ಲ. ನಾನು ಹೊಸ್ತಿಲು ದಾಟಿದೆ.

"ಅಪ್ಪಾ, ನಾ ಸುಳ್ಳ ಹೇಳೀನಿ ರೀ."

ಅವನು ತಂಬೂರಿ ಕೆಳಗಿಟ್ಟ. "ಬಣ್ಣ ಕಾಣ್ತದ ಅಂದಿದ್ದು ಸುಳ್ಳೋ?"

"ಅಲ್ಲ ರೀ. ಶಾಂತತ್ತಿ ಕಲಿಸ್ಯಾಳ ಅಂದಿದ್ದು ಸುಳ್ಳು. ಬಣ್ಣ ಖರೇ."

ಬಡಿಯುತ್ತಾನೆಂದು ಮೊಣಕಾಲ ಮೇಲೆ ಲಂಗ ಎಳೆದುಕೊಂಡೆ. ಅವನ ಮುಖದ ಬಣ್ಣ ಇಳಿದಿತ್ತು. ಹಾರ್ಮೋನಿಯಂ ಹತ್ತಿರ ಎಳೆದುಕೊಂಡು, "ಗ್ವಾಡಿಗಿ ಮುಖ ಮಾಡಿ ಕುಂಡ್ರು," ಎಂದ. ಕುಳಿತೆ. ಹಿಂದೆ ಹಾರ್ಮೋನಿಯಂನ ಒಂದು ಮನೆ ಒತ್ತಿದ.

"ಏನ್ ಬಣ್ಣ?"

"ಕೆಂಪು ರೀ."

ಇನ್ನೊಂದು ಒತ್ತಿದ. ಬೂದು ಎಂದೆ. ಕಪ್ಪು ಎರಡು ಒತ್ತಿದ, ಬದನೆಕಾಯಿ ಎಂದೆ. ಅವನು ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು. ಒತ್ತಿದ ಮನೆಯನ್ನೇ ಮತ್ತೆ ಒತ್ತಿದ, ಬಿಟ್ಟು ಬಿಟ್ಟು ಒತ್ತಿದ, ತಪ್ಪಿಸಲು ನೋಡಿದ. ಮರುದಿನ ಶಾಲೆಯಿಂದ ಬಂದವನೇ ಮತ್ತೆ ಕೂರಿಸಿದ. ಮೂರನೆಯ ದಿನ ಹಾರ್ಮೋನಿಯಂ ಬಿಟ್ಟು ತಂಬೂರಿಯ ತಂತಿ ಮೀಟಿ ಕೇಳಿದ, ಕೊನೆಗೆ ತಾನೇ ಬಾಯಲ್ಲಿ ಹಾಡಿ ಕೇಳಿದ. ಬರೆದದ್ದನ್ನೆಲ್ಲ ಅಕ್ಕಪಕ್ಕ ಇಟ್ಟುಕೊಂಡು ಕುಳಿತ. ಎಲ್ಲಿಯೂ ಒಂದು ಬಣ್ಣ ಆಚೀಚೆಯಾಗಿರಲಿಲ್ಲ. ಸ್ವರದ ವಿಷಯದಲ್ಲಿ ಅಪ್ಪ ಯಾರಿಗೂ ಮೋಸ ಮಾಡಿದವನಲ್ಲ. ಈಗಲೂ ಮಾಡಲಾರದೆ ಹೋದ. ಅವನು ನನ್ನ ಮೊಣಕಾಲ ಮೇಲೆ ಉಳಿದಿದ್ದ ಬಾಸುಂಡೆಯ ಕಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಎದ್ದು ಹೋಗಿ ಗುರುಗಳ ಮಗನ ಮನೆಯಲ್ಲಿ, ಕಾರ್ಯಕ್ರಮದ ತಯಾರಿಗೆ ಸೇರಿದ್ದ ಮಂದಿಯ ಎದುರು, ನನ್ನ ಕೂಸು ಈ ವರ್ಷ ಹಾಡುವುದಿಲ್ಲ, ನಾನು ಸರಿಯಾಗಿ ಕಲಿಸಿಲ್ಲ ಎಂದು ಹೇಳಿ ಬಂದ. ಅಷ್ಟು ಮಂದಿಯ ಮುಂದೆ ಆ ಮಾತು ಹೇಳಲು ಅವನಿಗೆ ಏನಾಗಿರಬೇಕೆಂದು ನನಗೆ ಅರ್ಥವಾದದ್ದು ನಾನೂ ನಾಲ್ಕು ಮಕ್ಕಳಿಗೆ ಹಾಡು ಹೇಳಿಕೊಟ್ಟ ಮೇಲೆ.

ನಾನು ದೊಡ್ಡ ಗಾಯಕಿ ಆಗಲಿಲ್ಲ. ಬಿಳಿ ಒಂದನ್ನು ಬಿಟ್ಟು ಬೇರೆ ಶ್ರುತಿಯಲ್ಲಿ ಹಾಡುವುದು ಇಂದಿಗೂ ನನಗೆ ಕಷ್ಟ. ಕಪನೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹಾರ್ಮೋನಿಯಂಗಳ ಹಿತ್ತಾಳೆಯ ರೀಡುಗಳನ್ನು ತಿಕ್ಕಿ ಶ್ರುತಿಗೆ ತರುವ ಕೆಲಸ ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ಬಣ್ಣ ಕದಡಿದ್ದರೆ ರೀಡು ಸರಿಯಿಲ್ಲ ಎಂದು ಅರ್ಥ. ಸುಳ್ಳು ಹೇಳಿದ್ದೇನೆಂದು ಆ ಸಂಜೆ ಹೇಳದೆ ಉಳಿದಿದ್ದರೆ ನಾನು ಏನಾಗುತ್ತಿದ್ದೆನೋ ಗೊತ್ತಿಲ್ಲ. ಬಣ್ಣಗಳನ್ನು ನಾನೇ ಸುಳ್ಳೆಂದು ನಂಬಿಬಿಡುತ್ತಿದ್ದೆನೇನೋ.

ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದ ಆ ಮೂರು ದಿನಗಳ ನಂತರದ ರವಿವಾರ ಅಪ್ಪ ನನ್ನನ್ನು ಕರೆದುಕೊಂಡು ಕಮಲಾಪುರದ ಬಸ್ಸು ಹತ್ತಿದ. ಅತ್ತಿ ಬಾಗಿಲು ತೆಗೆದು, ಅವನನ್ನು ಕಂಡು, ಒಳಗೆ ಹೋಗಿ ನೀರಿನ ತಂಬಿಗೆ ತಂದಿಟ್ಟಳು. ಅಪ್ಪ ಕುರ್ಚಿ ಬಿಟ್ಟು ಹೊಸ್ತಿಲ ಬಳಿ ನೆಲದ ಮೇಲೆ ಕುಳಿತ.

"ಮನಿಗಿ ನಡಿ ಶಾಂತಾ."

"ಬರಂಗಿಲ್ಲಣ್ಣಾ. ಹಬ್ಬಕ್ಕ ಬರ್ತೀನಿ, ವೈನೀನ ನೋಡ್ಲಾಕ ಬರ್ತೀನಿ. ಇರ್ಲಾಕ ಬರಂಗಿಲ್ಲ. ಇಲ್ಲಿ ನನಗ ಕೌದಿ ಸುತ್ತಿ ಕೇಳೋ ಗರಜ ಇಲ್ಲ."

ಅಪ್ಪ ತಲೆ ಆಡಿಸಿದ. ಒತ್ತಾಯ ಮಾಡುತ್ತಾನೆಂದುಕೊಂಡಿದ್ದೆ, ಮಾಡಲಿಲ್ಲ.

"ಆ ಟೇಪ..." ಎಂದು ಶುರು ಮಾಡಿ ನಿಲ್ಲಿಸಿದ. "ಹೈದ್ರಾಬಾದಿನಾಗ ಕೇಳಿಸೀನಿ. ಸಿಗಂಗಿಲ್ಲ ಅಂದ್ರು."

"ಹೋಯ್ತು ಬಿಡು."

"ಅಂವ ಸೆರಿಮನ್ಯಾಗ ಬರದಿದ್ದು, ಕ್ಲಾರಿನೆಟ್ ಒಂದೇ ಬಾರಸ್ತದಲ್ಲ, ಹಕ್ಕಿ ಕೂಗಿದಂಗ. ಒಂದ್ ದಿನ ನಿನ್ನ ಖೋಲಿ ಮುಂದ ಹಾಯುಮುಂದ ಕೇಳಿದ್ದೆ. ನಿಂತು ಕೇಳಿದ್ದೆ ಅನ್ನು. ನಿನಗ ನೆಪ್ಪದ ಏನು?"

"ಅದ."

"ಹಾಡು ನೋಡೂನು."

ಅತ್ತಿ ನಕ್ಕಳು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

"ನಮ್ಮಪ್ಪ ನಿನಗ ಮುಂದಿನ ಕೋಣ್ಯಾಗ ಕೂಡಿಸಿ ಕಲಿಸ್ತಿದ್ದ. ನನಗ ಯಾರ್ ಕಲಿಸ್ಯಾರ ಹಾಡ್ಲಾಕ? ನಾ ಒಲಿ ಮುಂದ ಕುಂತು ಕೇಳಿದ್ದಷ್ಟೇ."

ಅಪ್ಪ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾದ. ಹಿಂದಿನ ತೋಟದಲ್ಲಿ ನೀರು ಬಿಟ್ಟಿದ್ದರು; ಕಾಲುವೆಯ ಸದ್ದು ಒಳಗೆ ಕೇಳುತ್ತಿತ್ತು. ಅತ್ತಿ ನನ್ನನ್ನು ನೋಡುತ್ತ, ಗೋಡೆಗೆ ಒರಗಿ ನಿಂತು ಶುರು ಮಾಡಿದಳು. ಪಳಗದ ದನಿ. ಮೊದಲು ಎಲ್ಲೋ ದೂರದಿಂದ ಬಂದಂತೆ ಒಂದೇ ಸ್ವರ, ಕೇಳಿಸಲಾರದಷ್ಟು ಸಣ್ಣಗೆ ಹುಟ್ಟಿ ಬೆಳೆಯುತ್ತ ಹೋಯಿತು. ಆಮೇಲೆ ಹಕ್ಕಿಯ ತುಂಡು ತುಂಡು ಕೂಗು. ಎರಡು ಕಡೆ ಸ್ವರ ಇಳಿಯಿತು. ಒಂದು ಕಡೆ ಉಸಿರು ಸಾಲದೆ ಮುರಿಯಿತು. ಇಳಿದಲ್ಲೆಲ್ಲ ಅಪ್ಪನ ದವಡೆ ಬಿಗಿಯುವುದು ನನಗೆ ಕಾಣುತ್ತಿತ್ತು. ಇಡೀ ಊರಿನ ಮಕ್ಕಳನ್ನು ತಿದ್ದಿದ ಮನುಷ್ಯ ಬಾಯಿ ಬಿಚ್ಚದೆ, ಕೈ ಎತ್ತದೆ ಕೊನೆಯ ತನಕ ಕೇಳಿದ. ಅವಳು ಮುಗಿಸಿ ಬೆವರು ಒರೆಸಿಕೊಂಡಳು.

ಅಪ್ಪ ನೆಲ ನೋಡುತ್ತ ಕುಳಿತಿದ್ದ. "ಇನ್ನೊಮ್ಮೆ ಹಾಡು," ಎಂದ.

ಈ ಸಲ ಅತ್ತಿ ನನ್ನನ್ನು ನೋಡಲಿಲ್ಲ. ಅವನ ಕಡೆಗೆ ತಿರುಗಿ, ಅವನೆದುರು ಕಾಲು ಮಡಚಿ ಕುಳಿತು ಹಾಡಿದಳು.